ಅಪ್ಪನಿಗೆ ಡ್ರಿಪ್ ಯಾಕೆ ನಿಲ್ಲಿಸಿದರು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ, ತೋಟದ ಕೆಲಸ ಮಾಡುವವರು. ಒಂದು ವಾರ ಜ್ವರ ಇತ್ತು. ಆಮೇಲೆ ಉಸಿರಾಟ ಕಷ್ಟವಾಗಿ ಶಿವಮೊಗ್ಗಕ್ಕೆ ತಂದು ಆಸ್ಪತ್ರೆಗೆ ಸೇರಿಸಿದೆವು. ಸ್ಕ್ರಬ್ ಟೈಫಸ್ (ನುಸಿಯ ಮರಿ ಕಚ್ಚಿ ಬರುವ ಜ್ವರ), ಅದರಿಂದ ಎಆರ್‌ಡಿಎಸ್ (ಶ್ವಾಸಕೋಶದೊಳಗೆ ನೀರು ಸೋರಿ ಉಸಿರಾಟ ಸೋಲುವುದು) ಆಗಿದೆ ಅಂದರು, ವೆಂಟಿಲೇಟರ್ ಹಾಕಿದ್ದಾರೆ. ಮೊದಲ ದಿನ ಬಾಟಲಿ ಮೇಲೆ ಬಾಟಲಿ ಡ್ರಿಪ್ ಕೊಟ್ಟರು. ಮೂರನೇ ದಿನ ಡ್ರಿಪ್ ತೆಗೆದೇಬಿಟ್ಟರು, ಮೂತ್ರ ಜಾಸ್ತಿ ಹೋಗಲಿ ಅಂತ ಇಂಜೆಕ್ಷನ್ ಬೇರೆ ಕೊಡುತ್ತಿದ್ದಾರೆ. ತುಟಿ ಒಣಗಿ ಬಿರಿದಿದೆ. 'ಮನುಷ್ಯನನ್ನು ನೀರಿಲ್ಲದೆ ಒಣಗಿಸುತ್ತಿದ್ದಾರೆ' ಅಂತ ಚಿಕ್ಕಪ್ಪ ಗಲಾಟೆ ಮಾಡುತ್ತಿದ್ದಾರೆ. ಮೊದಲು ಕೊಟ್ಟಿದ್ದು ಸರಿಯೋ, ಈಗ ನಿಲ್ಲಿಸಿದ್ದು ಸರಿಯೋ? ಎರಡೂ ಹೇಗೆ ಸರಿಯಾಗುತ್ತೆ?

ಉತ್ತರ: ಎರಡೂ ಸರಿಯಾಗಬಹುದು. ಮೊದಲ ದಿನ ನಾಲ್ಕು ಬಾಟಲಿ ಕೇಳಿದ ಅದೇ ಮೈಗೆ ಮೂರನೇ ದಿನ ಒಂದು ಬಾಟಲಿಯೂ ಭಾರವಾಗುತ್ತೆ. ನಿಮ್ಮ ತಂದೆಯ ಚಾರ್ಟ್ ನಾನು ನೋಡಿಲ್ಲ, ಹಾಗಾಗಿ ಅಲ್ಲಿಯ ಡಾಕ್ಟರಿಗೆ ಇಲ್ಲಿ ಕೂತು ಸರ್ಟಿಫಿಕೇಟ್ ಕೊಡುವುದಿಲ್ಲ. ಆದರೆ ನೀವು ಬರೆದ ಕ್ರಮ ಇದೆಯಲ್ಲ, ಮೊದಲು ತುಂಬಿಸುವುದು, ಆಮೇಲೆ ನಿಲ್ಲಿಸುವುದು, ಕೊನೆಗೆ ಬಸಿಯುವುದು, ಇಂಥ ರೋಗಿಗಳಿಗೆ ನಾವೆಲ್ಲ ಮಾಡುವುದು ಅದನ್ನೇ. ನಿಮ್ಮ ಚಿಕ್ಕಪ್ಪನಂಥವರನ್ನು ಐಸಿಯು ಬಾಗಿಲಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಸಾಯುವವರ ಬಾಯಿಗೂ ನೀರು ಬಿಡುವ ಜನ ನಾವು, ಬದುಕಿರುವವನಿಗೆ ನೀರು ನಿಲ್ಲಿಸಿದ್ದೇವೆ ಅಂದರೆ ಯಾರಿಗೆ ತಡೆಯುತ್ತೆ ಹೇಳಿ.

ನೀವು ತೀರ್ಥಹಳ್ಳಿ ಕಡೆಯವರಾದ್ದರಿಂದ ನನಗೆ ಅರ್ಧ ಕೆಲಸ ಕಡಿಮೆ. ಆಷಾಢದಲ್ಲಿ ಮಳೆ ಹಿಡಿದು ಹದಿನೈದು ದಿನ ಬಿಡದೆ ಹೊಡೆದಾಗ ಹಳೇ ಮನೆಗಳಲ್ಲಿ ಜಲ ಏಳುತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಹೆಂಚು ಒಡೆದಿಲ್ಲ, ಗೋಡೆ ಸೋರಿಲ್ಲ, ಆದರೂ ಅಡುಗೆಮನೆಯ ನೆಲದಿಂದ ನೀರು ಒಸರುತ್ತೆ. ಎಷ್ಟು ಒರೆಸಿದರೂ ಮತ್ತೆ ಬರುತ್ತೆ. ಎಆರ್‌ಡಿಎಸ್ ಆದ ಶ್ವಾಸಕೋಶದಲ್ಲಿ ಆಗುವುದು ಹೆಚ್ಚು ಕಡಿಮೆ ಇದೇ.

ನಮ್ಮ ಶ್ವಾಸಕೋಶದಲ್ಲಿ ಮೂವತ್ತು ಕೋಟಿಗೂ ಹೆಚ್ಚು ಸಣ್ಣ ಗಾಳಿಗುಳ್ಳೆಗಳಿವೆ. ಅಷ್ಟನ್ನೂ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ ಒಂದು ಶಟಲ್ ಕೋರ್ಟಿನಷ್ಟು ಜಾಗ. ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ, ನಡುವೆ ಇರುವ ಪರದೆ ಒಂದು ಮೈಕ್ರಾನ್‌ಗಿಂತಲೂ ತೆಳು. ಆರೋಗ್ಯವಾಗಿದ್ದಾಗಲೂ ಆ ಸಣ್ಣ ರಕ್ತನಾಳಗಳಿಂದ ಸ್ವಲ್ಪ ನೀರು ಒಸರುತ್ತಲೇ ಇರುತ್ತೆ. ಅದನ್ನು ಎಳೆದುಕೊಂಡು ಹೋಗಲು ಲಿಂಫ್ ನಾಳಗಳಿವೆ, ಅಡಿಕೆ ತೋಟದ ಬಸಿಗಾಲುವೆ ಇದ್ದ ಹಾಗೆ. ನಾಳದೊಳಗಿನ ಒತ್ತಡ ನೀರನ್ನು ಹೊರಗೆ ತಳ್ಳುತ್ತೆ, ರಕ್ತದಲ್ಲಿರುವ ಆಲ್ಬುಮಿನ್‌ನಂಥ ಪ್ರೋಟೀನು ಒಳಗೆ ಹಿಡಿದುಕೊಳ್ಳುತ್ತೆ. ಈ ಹಗ್ಗಜಗ್ಗಾಟವನ್ನು ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ವಿಜ್ಞಾನಿ 1896ರಲ್ಲೇ ಬರೆದಿಟ್ಟಿದ್ದ. ಆಮೇಲೆ ಅದಕ್ಕೆ ತಿದ್ದುಪಡಿ ಆಗಿದೆ, ಮೂಲ ಮಾತು ಮಾತ್ರ ಇವತ್ತಿಗೂ ನಡೆಯುತ್ತಿದೆ.

ಎಆರ್‌ಡಿಎಸ್‌ನಲ್ಲಿ ಆ ಪರದೆಯೇ ತೂತು ಬೀಳುತ್ತೆ. ನೀರಿನ ಜೊತೆ ಪ್ರೋಟೀನೂ ಗಾಳಿಗುಳ್ಳೆಯೊಳಗೆ ಬಂದು ಕೂರುತ್ತೆ. ಹಿಡಿದಿಡಬೇಕಾದದ್ದೇ ಹೊರಗೆ ಹೋದ ಮೇಲೆ ಉಳಿಯುವುದು ಒಳಗಿನ ಒತ್ತಡ ಒಂದೇ. ಆ ಹೊತ್ತಿನಲ್ಲಿ ನಾಳದಲ್ಲಿ ಒಂದು ಲೋಟ ಜಾಸ್ತಿ ನೀರಿದ್ದರೂ ಅದರ ಪಾಲು ಶ್ವಾಸಕೋಶಕ್ಕೆ ಬರುತ್ತೆ. ತೋಟದ ಬಸಿಗಾಲುವೆ ಹೂಳು ತುಂಬಿ ಕೂತಿರುವಾಗ ಯಾರಾದರೂ ಮೇಲಿನ ಕೆರೆಯ ತೂಬು ತೆಗೆಯುತ್ತಾರಾ? ಡಾಕ್ಟರು ಡ್ರಿಪ್ ನಿಲ್ಲಿಸಿದ್ದು ಆ ತೂಬು ಮುಚ್ಚುವ ಕೆಲಸ.

ಹಾಗಿದ್ದರೆ ಮೊದಲ ದಿನ ಯಾಕೆ ತುಂಬಿಸಿದರು? ಅಲ್ಲೇ ಇರುವುದು ವಿಷಯ.

ಸ್ಕ್ರಬ್ ಟೈಫಸ್‌ನ ರೋಗಾಣು ಹೋಗಿ ಕೂರುವುದೇ ರಕ್ತನಾಳದ ಒಳಪದರದಲ್ಲಿ. ಶ್ವಾಸಕೋಶ ಒಂದೇ ಅಲ್ಲ, ಮೈಯೆಲ್ಲ ನಾಳಗಳು ಸಡಿಲವಾಗುತ್ತವೆ, ಸೋರುತ್ತವೆ. ಇದರ ಮೇಲೆ ಒಂದು ವಾರ ಜ್ವರ, ಬೆವರು, ಊಟ ಸೇರಿಲ್ಲ, ವಾಂತಿಯೂ ಆಗಿರಬಹುದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ನಿಮ್ಮ ಹಳ್ಳಿಯಿಂದ ತೀರ್ಥಹಳ್ಳಿಗೆ ಬರುವುದು ಬೇರೆ. ಬಂದಾಗ ಬಿಪಿ ಬಿದ್ದಿರುತ್ತೆ, ಕೈಕಾಲು ತಣ್ಣಗಾಗಿರುತ್ತೆ, ಮೂತ್ರ ನಿಂತಿರುತ್ತೆ. ಆಗ ಶ್ವಾಸಕೋಶ ಒದ್ದೆಯಾಗುತ್ತೆ ಅಂತ ಯೋಚಿಸುತ್ತಾ ಕೂತರೆ ಕಿಡ್ನಿ, ಮೆದುಳು, ಹೃದಯಕ್ಕೆ ರಕ್ತವೇ ಸಾಲುವುದಿಲ್ಲ. ಸೋಂಕಿನಿಂದ ಬಿಪಿ ಬಿದ್ದವರಿಗೆ ಮೊದಲ ಮೂರು ಗಂಟೆಯೊಳಗೆ ಒಂದು ಕೆಜಿ ತೂಕಕ್ಕೆ 30 ಮಿ.ಲೀ. ಲೆಕ್ಕದಲ್ಲಿ ಸಲೈನ್ ಕೊಡುವುದು ಜಗತ್ತಿನ ಬಹಳ ಕಡೆ ಇರುವ ರೂಢಿ. 60 ಕೆಜಿ ಮನುಷ್ಯನಿಗೆ 1800 ಮಿ.ಲೀ. ಆಯಿತು, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿಗೆ ಸ್ವಲ್ಪ ಕಡಿಮೆ. ಆ ಅಂಕಿ ಕಲ್ಲಲ್ಲಿ ಕೆತ್ತಿದ್ದೇನೂ ಅಲ್ಲ. ನಾನಂತೂ ಒಂದೊಂದು ಬಾಟಲಿ ಆದ ಮೇಲೂ ನಿಂತು ಎದೆಗೆ ಸ್ಟೆತ್ ಇಟ್ಟು, ಸಾಧ್ಯವಾದರೆ ಒಮ್ಮೆ ಅಲ್ಟ್ರಾಸೌಂಡ್ ಹಿಡಿದು ನೋಡದೆ ಮುಂದಿನದಕ್ಕೆ ಹೋಗುವುದಿಲ್ಲ.

ಇಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ಎಷ್ಟೋ ಸಲ ನಮ್ಮ ಹೊಸ ಡಾಕ್ಟರುಗಳಿಗೂ ಮರೆತಿರುತ್ತೆ. ಒಂದು ಲೀಟರ್ ಸಲೈನ್ ಹಾಕಿದರೆ ಅದು ರಕ್ತನಾಳದಲ್ಲೇ ಉಳಿಯುವುದಿಲ್ಲ. ಒಂದೆರಡು ಗಂಟೆ ಕಳೆದ ಮೇಲೆ ನಾಳದಲ್ಲಿರುವುದು ಹೆಚ್ಚು ಕಡಿಮೆ ಕಾಲು ಭಾಗ. ಮಿಕ್ಕ ಮುಕ್ಕಾಲು ಲೀಟರ್ ಹೊರಗೆ ಬಂದು ಕಾಲು, ಬೆನ್ನು, ಕರುಳಿನ ಗೋಡೆ, ಶ್ವಾಸಕೋಶ ಅಂತ ಸಿಕ್ಕಲ್ಲಿ ಸೇರಿಕೊಳ್ಳುತ್ತೆ. ನಾಳ ಸೋರುತ್ತಿರುವವರಲ್ಲಿ ಇನ್ನೂ ಜಾಸ್ತಿ. ನಮ್ಮ ಕಡೆ ಯಾವ ಡ್ರಿಪ್ ಹಾಕಿದರೂ 'ಗ್ಲೂಕೋಸ್ ಹಾಕಿದ್ರು' ಅನ್ನುತ್ತಾರೆ, ಆದರೆ ಆ ಬಾಟಲಿಯಲ್ಲಿ ಹೆಚ್ಚಾಗಿ ಇರುವುದು ಉಪ್ಪುನೀರು. ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ 9 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ತಿನ್ನಿ ಅನ್ನುತ್ತೆ. ಮೂರು ಲೀಟರ್ ಹೋಯಿತು ಅಂದರೆ 27 ಗ್ರಾಂ, ಐದು ದಿನದ್ದಕ್ಕಿಂತ ಜಾಸ್ತಿ ಉಪ್ಪು ಒಂದೇ ದಿನ ಮೈ ಸೇರಿತು. ಕಾಯಿಲೆ ಬಿದ್ದ ಕಿಡ್ನಿಗೆ ಅದನ್ನು ಹೊರಗೆ ಹಾಕಲು ವಾರವೇ ಬೇಕಾಗಬಹುದು, ಅಲ್ಲಿಯವರೆಗೆ ಆ ಉಪ್ಪು ನೀರನ್ನು ಹಿಡಿದುಕೊಂಡು ಕೂರುತ್ತೆ.

ಈ ಪಾಠವನ್ನು ವೈದ್ಯರು ಕಲಿತದ್ದು ಸುಲಭವಾಗಿ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ರಕ್ತ, ಸಲೈನ್ ಎಲ್ಲ ಬೇಗ ಬೇಗ ಕೊಟ್ಟು ಜೀವ ಉಳಿಸುತ್ತಿದ್ದರು. ಒಂದೆರಡು ದಿನ ಬಿಟ್ಟು ಅವರಲ್ಲೇ ಕೆಲವರು ಉಸಿರು ಸಿಗದೆ ಒದ್ದಾಡುತ್ತಿದ್ದರು. ಅಲ್ಲಿನ ಊರಿನ ಹೆಸರಿನಿಂದ ಅದಕ್ಕೆ 'ದಾ ನಾಂಗ್ ಲಂಗ್' ಅಂತಲೇ ಹೆಸರು ಬಿತ್ತು. ಡೆನ್ವರ್‌ನ ಆಶ್‌ಬಾ, ಪೆಟಿ ಮತ್ತು ಸಂಗಡಿಗರು 1967ರಲ್ಲಿ 12 ರೋಗಿಗಳ ವಿವರ ಕೊಟ್ಟು ಇದೊಂದು ಬೇರೆಯದೇ ಸ್ಥಿತಿ ಅಂತ ಬರೆದರು. ಎಆರ್‌ಡಿಎಸ್‌ನ ಹುಟ್ಟು ಅಲ್ಲಿ.

ಆಮೇಲೂ ವರ್ಷಗಟ್ಟಲೆ ಜಗಳ ನಡೆಯಿತು. ಶ್ವಾಸಕೋಶ ಒಣಗಿಸಿ ಅಂತ ಒಂದು ಗುಂಪು, ಒಣಗಿಸಿದರೆ ಕಿಡ್ನಿ ಹೋಗುತ್ತೆ ಅಂತ ಇನ್ನೊಂದು. ನಿಮ್ಮ ಚಿಕ್ಕಪ್ಪ ಎರಡನೇ ಗುಂಪಿನವರು ಅಂದುಕೊಳ್ಳೋಣ, ಆ ಗುಂಪಿನಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳಿದ್ದರು. ಕೊನೆಗೆ ಅಮೆರಿಕದ ಆಸ್ಪತ್ರೆಗಳ ಒಂದು ಕೂಟ ಇಂಥ 1000 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ ಪರೀಕ್ಷಿಸಿತು. ಒಂದು ಪಾಲಿಗೆ ನೀರು ಬಿಗಿ, ಇನ್ನೊಂದಕ್ಕೆ ಧಾರಾಳ. ಫಲಿತಾಂಶ ಬಂದದ್ದು 2006ರಲ್ಲಿ, ಅಧ್ಯಯನದ ಹೆಸರು ಫ್ಯಾಕ್ಟ್. ಏಳು ದಿನದ ಲೆಕ್ಕದಲ್ಲಿ ಧಾರಾಳದ ಗುಂಪಿನವರ ಮೈಯಲ್ಲಿ ಸುಮಾರು 7 ಲೀಟರ್ ನೀರು ಹೆಚ್ಚಾಗಿ ಉಳಿದಿತ್ತು. ಬಿಗಿ ಮಾಡಿದವರ ಲೆಕ್ಕ ಹೆಚ್ಚು ಕಡಿಮೆ ಸೊನ್ನೆ. ಗಮನಿಸಿ, ಸೊನ್ನೆ. ಬಿಗಿ ಅಂದರೆ ಒಣಗಿಸಿ ಹಪ್ಪಳ ಮಾಡಿದ್ದಲ್ಲ, ಬಂದಷ್ಟು ಹೋಗುವ ಹಾಗೆ ನೋಡಿಕೊಂಡದ್ದು ಅಷ್ಟೇ.

ಬಿಗಿ ಹಿಡಿದವರು ಮೊದಲ 28 ದಿನಗಳಲ್ಲಿ ವೆಂಟಿಲೇಟರ್ ಇಲ್ಲದೆ ಸರಾಸರಿ 14.6 ದಿನ ಇದ್ದರು, ಧಾರಾಳದವರು 12.1 ದಿನ. ಎರಡೂವರೆ ದಿನದ ಲಾಭ. ವೆಂಟಿಲೇಟರ್ ಪಕ್ಕದಲ್ಲಿ ಒಂದು ರಾತ್ರಿ ಕಳೆದವರಿಗೆ ಎರಡೂವರೆ ದಿನ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಬಿಲ್ ಕಟ್ಟುವವರಿಗಂತೂ ಬೇಡವೇ ಬೇಡ. ಸಾವಿನ ಪ್ರಮಾಣ 60 ದಿನಕ್ಕೆ 25.5 ಶೇಕಡಾ, ಧಾರಾಳದವರಲ್ಲಿ 28.4. ಇದು ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ, ಹಾಗಾಗಿ 'ನೀರು ನಿಲ್ಲಿಸಿದರೆ ಜೀವ ಉಳಿಯುತ್ತೆ' ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲರೂ ಹೆದರಿದ್ದ ಕಿಡ್ನಿ? ಡಯಾಲಿಸಿಸ್ ಬೇಕಾದವರ ಸಂಖ್ಯೆ ಬಿಗಿ ಗುಂಪಿನಲ್ಲಿ ಹೆಚ್ಚಾಗಲಿಲ್ಲ, 10 ಶೇಕಡಾ ಇತ್ತು, ಇನ್ನೊಂದರಲ್ಲಿ 14. ಒಂದು ಸಣ್ಣ ಕೊರಗು ಉಳಿದಿದೆ, ಅದನ್ನೂ ಹೇಳಿಬಿಡಬೇಕು: ಬದುಕಿ ಮನೆಗೆ ಹೋದವರಲ್ಲಿ ಕೆಲವರನ್ನು ಆಮೇಲೆ ಮಾತಾಡಿಸಿ ನೋಡಿದಾಗ, ಬಿಗಿ ಗುಂಪಿನವರಲ್ಲಿ ನೆನಪು, ಯೋಚನೆಯ ತೊಂದರೆ ಸ್ವಲ್ಪ ಜಾಸ್ತಿ ಕಂಡಿತು. ಪರೀಕ್ಷಿಸಿದವರು ಕಡಿಮೆ ಜನ, ಹಾಗಾಗಿ ಅದರ ಮೇಲೆ ಯಾರೂ ಚಿಕಿತ್ಸೆ ಬದಲಿಸಿಲ್ಲ.

ಆ ಅಧ್ಯಯನದ ಒಂದು ಷರತ್ತನ್ನು ಮಾತ್ರ ಬಹಳ ಜನ ಓದುವುದೇ ಇಲ್ಲ. ಬಿಪಿ ಬಿದ್ದಿರುವಾಗ, ಬಿಪಿ ಏರಿಸುವ ಔಷಧಿ ಹೋಗುತ್ತಿರುವಾಗ ಮೂತ್ರದ ಇಂಜೆಕ್ಷನ್ ಇಲ್ಲ. ಆ ಔಷಧಿ ನಿಂತು ಕನಿಷ್ಠ 12 ಗಂಟೆ ಬಿಪಿ ತಾನಾಗಿ ನಿಂತ ಮೇಲೆಯೇ ಬಸಿಯುವ ಕೆಲಸ ಶುರು. ನಿಮ್ಮ ತಂದೆಗೆ ಮೂರನೇ ದಿನ ಶುರುಮಾಡಿದರು ಅಂತ ಬರೆದಿದ್ದೀರಿ. ಅದನ್ನು ಓದಿದಾಗ ನನಗೆ ಅನ್ನಿಸಿದ್ದು, ಬಿಪಿ ಸುಧಾರಿಸಿರಬೇಕು. ಅಂದರೆ ನೀವು ಕೆಟ್ಟ ಸುದ್ದಿ ಅಂದುಕೊಂಡದ್ದು ಒಳ್ಳೇ ಸುದ್ದಿಯ ಗುರುತೂ ಆಗಿರಬಹುದು. ಕೇಳಿ ಖಾತ್ರಿ ಮಾಡಿಕೊಳ್ಳಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು, ಬೇರೆ ಊರಿನ ಒಂದು ಆಸ್ಪತ್ರೆ. ಗದ್ದೆ ನಾಟಿ ಮುಗಿಸಿ ಜ್ವರ ಬಂದ ಹೆಂಗಸೊಬ್ಬರು, ಇಲಿಜ್ವರ. ಮೂತ್ರ ಕಡಿಮೆ ಇತ್ತು. ಮೂತ್ರ ಕಡಿಮೆ ಅಂದರೆ ನೀರು ಕಡಿಮೆ ಅಂತ ತಲೆಯಲ್ಲಿ ಕೂತಿತ್ತು, ರಾತ್ರಿಯಿಡೀ ಬಾಟಲಿ ಬದಲಿಸಿದೆ. ಪ್ರತಿ ಸಲ ಬಿಪಿ ಒಂಚೂರು ಏರುತ್ತಿತ್ತು, ಅರ್ಧ ಗಂಟೆಗೆ ಇಳಿಯುತ್ತಿತ್ತು, ನಾನು ಇನ್ನೊಂದು ಬಾಟಲಿ. ಬೆಳಿಗ್ಗೆ ಎಕ್ಸ್‌ರೇ ನೋಡಿದರೆ ಎರಡೂ ಕಡೆ ಆಗುಂಬೆಯ ಮಂಜು ಕವಿದ ಹಾಗೆ ಬಿಳಿ. ಹಿರಿಯ ಡಾಕ್ಟರ್ ಬಂದು ಬೈಯಲಿಲ್ಲ, ಚಾರ್ಟ್ ತಿರುಗಿಸಿ ಕೂಡಿಸು ಅಂದರು. ಐದೂವರೆ ಲೀಟರ್ ಒಳಗೆ, 300 ಮಿ.ಲೀ. ಹೊರಗೆ. ಅವರ ಕಿಡ್ನಿಗೆ ರೋಗದಿಂದಲೇ ಏಟು ಬಿದ್ದಿತ್ತು, ನೀರಿನ ಕೊರತೆಯಿಂದಲ್ಲ. ಆಕೆ ಎಂಟು ದಿನ ವೆಂಟಿಲೇಟರಿನಲ್ಲಿದ್ದು ಬದುಕಿ ಹೋದರು, ಪುಣ್ಯ. ಅವತ್ತಿನಿಂದ ಮೂತ್ರದ ಚೀಲ ಒಂದನ್ನೇ ನೋಡಿ ನೀರು ಹಾಕುವುದು ಬಿಟ್ಟೆ.

ಹಾಗಾದರೆ ಏನು ನೋಡುತ್ತೀರಿ ಅಂತ ಕೇಳಬಹುದು. ನಾವು ಮೊದಲು ಕತ್ತಿನ ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕಿ ಅದರ ಒತ್ತಡ ನೋಡಿ ನಿರ್ಧರಿಸುತ್ತಿದ್ದೆವು. ಆ ಸಂಖ್ಯೆಯಿಂದ ಮುಂದಿನ ಬಾಟಲಿ ಉಪಯೋಗಕ್ಕೆ ಬರುತ್ತೋ ಇಲ್ಲವೋ ಹೇಳಲಾಗದು ಅಂತ ಈಗ ಗೊತ್ತಾಗಿದೆ. ಈಗ ಮಾಡುವ ಒಂದು ಜಾಣ ಕೆಲಸ, ಕಾಲು ಎತ್ತಿ ನೋಡುವುದು. ಎರಡೂ ಕಾಲನ್ನು 45 ಡಿಗ್ರಿ ಎತ್ತಿದರೆ ಕಾಲಿನಲ್ಲಿದ್ದ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆ ಬರುತ್ತೆ. ರೋಗಿಯ ಸ್ವಂತ ರಕ್ತದಲ್ಲೇ ಒಂದು ಪುಟ್ಟ ಡ್ರಿಪ್ ಕೊಟ್ಟು ನೋಡಿದ ಹಾಗೆ. ಒಂದು ನಿಮಿಷದಲ್ಲಿ ಹೃದಯ ಹೆಚ್ಚು ರಕ್ತ ಪಂಪ್ ಮಾಡಿದರೆ ನೀರು ಉಪಯೋಗಕ್ಕೆ ಬಂದೀತು, ಇಲ್ಲದಿದ್ದರೆ ಬರುವುದಿಲ್ಲ. ಕಾಲು ಇಳಿಸಿದರೆ ಎಲ್ಲ ಮೊದಲಿನ ಹಾಗೆ, ನಷ್ಟವೇನೂ ಇಲ್ಲ. ಬೆರಳ ತುದಿಯನ್ನು ಒತ್ತಿ ಬಿಟ್ಟು ಮೂರು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರುತ್ತಾ ಅಂತ ನೋಡುವುದು ಇನ್ನೊಂದು, ದುಡ್ಡಿಲ್ಲದ ಪರೀಕ್ಷೆ. ಅಲ್ಟ್ರಾಸೌಂಡ್ ಇದ್ದರೆ ಶ್ವಾಸಕೋಶದಲ್ಲಿ ನೀರಿನ ಗೆರೆಗಳು ಹೆಚ್ಚಾಗುವುದನ್ನು ಮಂಚದ ಪಕ್ಕದಲ್ಲೇ ಕಾಣಬಹುದು.

ಈಗ ಚಿಕ್ಕಪ್ಪನ ಮುಖ್ಯ ಆರೋಪಕ್ಕೆ ಬರೋಣ, ನೀರೇ ಕೊಡುತ್ತಿಲ್ಲ ಅನ್ನುವುದು. ಡ್ರಿಪ್ ಸ್ಟ್ಯಾಂಡ್ ಖಾಲಿ ಕಂಡರೆ ಹಾಗನ್ನಿಸುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಮೂಗಿನ ನಳಿಗೆಯಲ್ಲಿ ಊಟ ಗಂಟೆಗೆ 50 ಮಿ.ಲೀ. ಹೋಗುತ್ತಿದ್ದರೆ ದಿನಕ್ಕೆ 1200. ಆಂಟಿಬಯಾಟಿಕ್ ಒಂದೊಂದು ಡೋಸನ್ನೂ 100 ಮಿ.ಲೀ. ಬಾಟಲಿಯಲ್ಲಿ ಕರಗಿಸಿ ಕೊಡುತ್ತಾರೆ, ನಾಲ್ಕು ಸಲ ಅಂದರೆ 400. ನಿದ್ದೆ ಬರಿಸುವ ಔಷಧಿ, ನೋವಿನ ಔಷಧಿ ಸಿರಿಂಜ್ ಪಂಪಿನಲ್ಲಿ ಗಂಟೆಗೆ ಐದೈದು ಮಿ.ಲೀ. ಹೋದರೂ ದಿನಕ್ಕೆ 240. ಮಾತ್ರೆ ಪುಡಿ ಮಾಡಿ ನಳಿಗೆಯಲ್ಲಿ ಬಿಟ್ಟು ನೀರಿನಲ್ಲಿ ತೊಳೆಯುವುದು ಒಂದು 200. ಒಟ್ಟು ಎರಡು ಲೀಟರ್ ದಾಟಿತು, ಡ್ರಿಪ್ ಅಂತ ಒಂದು ಹನಿಯೂ ಹಾಕದೆ! ನಮಗೆ ಐಸಿಯುನಲ್ಲಿ ನಿಜವಾದ ತಲೆನೋವು ಈ ಕಳ್ಳನೀರು. ಯಾರೂ ಬೇಕು ಅಂತ ಕೊಟ್ಟದ್ದಲ್ಲ, ಔಷಧಿಯ ಹೆಗಲೇರಿ ಬಂದದ್ದು. ಅದಕ್ಕೇ ಅಷ್ಟಷ್ಟು ಮೂತ್ರದ ಇಂಜೆಕ್ಷನ್ ಕೊಟ್ಟು ಲೆಕ್ಕ ಸರಿ ಮಾಡುವುದು.

ಆ ಇಂಜೆಕ್ಷನ್ ಬಹುಶಃ ಫ್ಯುರೋಸೆಮೈಡ್, ಎಲ್ಲರೂ ಲ್ಯಾಸಿಕ್ಸ್ ಅನ್ನುತ್ತಾರೆ. ಅದು ಕಿಡ್ನಿಗೆ ಉಪ್ಪನ್ನು ಹಿಡಿದಿಟ್ಟುಕೊಳ್ಳಬೇಡ ಅನ್ನುತ್ತೆ, ಉಪ್ಪಿನ ಹಿಂದೆ ನೀರು ಹೋಗುತ್ತೆ. ಜೊತೆಗೆ ಪೊಟ್ಯಾಷಿಯಂ ಕೂಡ ಹೋಗುತ್ತೆ, ಅದಕ್ಕೇ ದಿನಾ ರಕ್ತ ತೆಗೆದು ನೋಡುವುದು. 'ಎಷ್ಟು ರಕ್ತ ಎಳೀತಾರೆ' ಅನ್ನುವ ಇನ್ನೊಂದು ದೂರು ಬರುವ ಮೊದಲೇ ಇದನ್ನು ಹೇಳಿಬಿಟ್ಟೆ. ಕಿಡ್ನಿಯ ಕೆಲಸ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಒಂದು ಸ್ವಲ್ಪ ಏರಿದರೆ ಗಾಬರಿ ಬೇಡ. ಏರುತ್ತಲೇ ಹೋದರೆ, ಬಿಪಿ ಮತ್ತೆ ಇಳಿದರೆ, ಕೈಕಾಲು ತಣ್ಣಗಾದರೆ ಬಸಿಯುವುದನ್ನು ನಿಲ್ಲಿಸಬೇಕು. ಇದು ಹಟದ ವಿಷಯ ಅಲ್ಲ, ಬೆಳಿಗ್ಗೆ ನಿಲ್ಲಿಸಿದ ನೀರನ್ನು ಸಂಜೆ ಮತ್ತೆ ಕೊಡಬೇಕಾಗಿಯೂ ಬರಬಹುದು. ಹಾಗೆ ಬದಲಿಸಿದರೆ 'ಇವರಿಗೇ ಗೊತ್ತಿಲ್ಲ' ಅಂದುಕೊಳ್ಳಬೇಡಿ. ಬದಲಿಸದೇ ಇರುವ ಡಾಕ್ಟರನ್ನು ಕಂಡರೆ ನನಗೆ ಜಾಸ್ತಿ ಭಯ.

ಬಾವು ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಮೊದಲೆರಡು ದಿನದಲ್ಲಿ ಮುಖ, ಕೈ ಊದಿಕೊಂಡು 'ಮೈ ತುಂಬಿಕೊಂಡಿದೆ, ಚೆನ್ನಾಗಿದ್ದಾರೆ' ಅಂತ ಮನೆಯವರಿಗೆ ಅನ್ನಿಸುತ್ತೆ. ನೀರು ತೆಗೆದ ಮೇಲೆ ಕೆನ್ನೆ ಒಳಗೆ ಹೋಗಿ, ಕಣ್ಣು ಗುಳಿ ಬಿದ್ದು, ಸೊರಗಿದ ಹಾಗೆ ಕಾಣುತ್ತೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ತೂಕ, ಐದಾರು ಕೆಜಿ ಇಳಿದರೆ ಮನುಷ್ಯ ಬದಲಾಗಿ ಕಾಣದೆ ಇರುತ್ತಾನಾ? ಅವರ ಕಣ್ಣ ರೆಪ್ಪೆಯ ಬಾವು ಇಳಿದಿದ್ದರೆ ಶ್ವಾಸಕೋಶದ ಬಾವೂ ಇಳಿಯುತ್ತಿರಬಹುದು.

ತುಟಿ ಒಣಗಿದ್ದು ಬೇರೆ ವಿಷಯ, ಅದಕ್ಕೂ ಮೈಯ ನೀರಿಗೂ ನೇರ ಸಂಬಂಧ ಕಡಿಮೆ. ಬಾಯಿಯಲ್ಲಿ ನಳಿಗೆ ಇದೆ, ಬಾಯಿ ಸದಾ ತೆರೆದಿರುತ್ತೆ, ಎಂಜಲು ಒಣಗುತ್ತೆ. ಮೈಯಲ್ಲಿ ಐದು ಲೀಟರ್ ಹೆಚ್ಚು ನೀರಿರುವವರಿಗೂ ತುಟಿ ಬಿರಿದಿರುವುದನ್ನು ದಿನಾ ನೋಡುತ್ತೇವೆ. ಆದರೆ ಬಾಯಾರಿಕೆ ನಿಜ, ಎಚ್ಚರ ಇರುವವರಿಗೆ ಅದು ನೋವಿಗಿಂತ ಕಡಿಮೆ ಹಿಂಸೆ ಏನಲ್ಲ. ನಾವು ಡಾಕ್ಟರುಗಳು ಇದನ್ನು ಕಡೆಗಣಿಸುತ್ತೇವೆ, ತಪ್ಪು ನಮ್ಮದೇ. ತಣ್ಣೀರಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಿಂದ ನಾಲಿಗೆ, ತುಟಿ ಒರೆಸುವುದು, ತುಟಿಗೆ ಕ್ರೀಮ್ ಹಚ್ಚುವುದು, ಇಷ್ಟಕ್ಕೇ ಎಷ್ಟೋ ಹಾಯಾಗುತ್ತೆ. ಸಿಸ್ಟರನ್ನು ಕೇಳಿ, ಬಹಳ ಕಡೆ ಭೇಟಿಯ ಹೊತ್ತಿನಲ್ಲಿ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ. ಚಿಕ್ಕಪ್ಪನಿಗೇ ಈ ಕೆಲಸ ಕೊಡಿ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತೆ. ಆದರೆ ಯಾರೂ ಕದ್ದು ಚಮಚದಲ್ಲಿ ತೀರ್ಥ, ಎಳನೀರು ಬಿಡಬಾರದು. ನಿದ್ದೆಯ ಔಷಧಿಯಲ್ಲಿರುವವರಿಗೆ ನುಂಗುವ ಶಕ್ತಿ ಇರುವುದಿಲ್ಲ, ಬಾಯಿಗೆ ಬಿಟ್ಟದ್ದು ಗಂಟಲಲ್ಲಿ ನಿಂತು ನಳಿಗೆಯ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯುತ್ತೆ. ಹೀಗೆ ನ್ಯುಮೋನಿಯಾ ಆದ ಒಬ್ಬ ಅಜ್ಜನನ್ನು ನಾನು ನೋಡಿದ್ದೇನೆ, ಚಮಚ ಹಿಡಿದವರು ಮಗಳೇ. ಅವರ ಮುಖ ಇನ್ನೂ ನೆನಪಿದೆ. ಎಳನೀರಿನಲ್ಲಿ ಪೊಟ್ಯಾಷಿಯಂ ಬೇರೆ ಜಾಸ್ತಿ, ಕಿಡ್ನಿ ಸೋತವರಿಗೆ ಅದೊಂದು ಅಪಾಯ.

ಆಲ್ಬುಮಿನ್ ಬಾಟಲಿ ತನ್ನಿ ಅಂತ ಕೆಲವು ಕಡೆ ಚೀಟಿ ಬರೆದು ಕೊಡುತ್ತಾರೆ, ಒಂದೊಂದಕ್ಕೆ ಸಾವಿರಗಟ್ಟಲೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಸುಮಾರು 7000 ಐಸಿಯು ರೋಗಿಗಳಿಗೆ ಸಲೈನ್, ಆಲ್ಬುಮಿನ್ ಕೊಟ್ಟು ಹೋಲಿಸಿದ ಅಧ್ಯಯನ 2004ರಲ್ಲಿ ಬಂತು, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರೋಟೀನು ತುಂಬಾ ಕಡಿಮೆ ಇರುವವರಿಗೆ ಲ್ಯಾಸಿಕ್ಸ್ ಜೊತೆ ಕೊಟ್ಟರೆ ಆಕ್ಸಿಜನ್ ಸ್ವಲ್ಪ ಸುಧಾರಿಸಬಹುದು. ಒಡವೆ ಅಡ ಇಟ್ಟು ತರುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ.

ಮತ್ತೆ ಇದೊಂದು ನೆನಪಿರಲಿ, ನೀರಿನ ಲೆಕ್ಕ ಸರಿ ಮಾಡಿದ ಮಾತ್ರಕ್ಕೆ ಎಆರ್‌ಡಿಎಸ್ ಹೋಗುವುದಿಲ್ಲ. ರೋಗಾಣುವನ್ನು ಕೊಲ್ಲುವುದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್. ವೆಂಟಿಲೇಟರ್ ಸಣ್ಣ ಸಣ್ಣ ಉಸಿರು ಕೊಡಬೇಕು, ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ ಕೆಜಿಗೆ 6 ಮಿ.ಲೀ. ಸುಮಾರು. ಇದನ್ನು ದುಪ್ಪಟ್ಟು ಉಸಿರು ಕೊಟ್ಟವರ ಜೊತೆ 2000ದಲ್ಲಿ ಹೋಲಿಸಿದಾಗ ಸಾವು 39.8 ಶೇಕಡಾದಿಂದ 31ಕ್ಕೆ ಇಳಿಯಿತು. ತೀರಾ ಜೋರಾದವರನ್ನು ದಿನಕ್ಕೆ 16 ಗಂಟೆ ಕವುಚಿ ಮಲಗಿಸುತ್ತಾರೆ. ನಿಮ್ಮ ತಂದೆಯನ್ನು ಹೊಟ್ಟೆ ಮೇಲೆ ಮಲಗಿಸಿರುವುದು ಕಂಡರೆ ಬೆಚ್ಚಬೇಡಿ.

ಊರಿನವರಿಗೂ ಒಂದು ಮಾತು. ನಮ್ಮ ಮಲೆನಾಡಿನಲ್ಲಿ ಜ್ವರ ಬಂದರೆ 'ಒಂದು ಬಾಟ್ಲಿ ಹಾಕ್ಸಿ' ಅನ್ನುವುದು ಕಾಫಿ ಕುಡಿದಷ್ಟು ಸಲೀಸಾಗಿದೆ. ಬಾಯಲ್ಲಿ ಗಂಜಿ ಕುಡಿಯಲು ಆಗುವವರಿಗೆ ಅದು ದಂಡ. ಜ್ವರದ ಜೊತೆ ಉಸಿರು ಬಿರುಸಾಗಿರುವವರಿಗೆ, ಬೆರಳಿಗೆ ಹಾಕುವ ಮೀಟರಿನಲ್ಲಿ ಆಕ್ಸಿಜನ್ 94ಕ್ಕಿಂತ ಕೆಳಗಿರುವವರಿಗೆ ಸಣ್ಣ ಕ್ಲಿನಿಕ್ಕಿನಲ್ಲಿ ಸುಮ್ನೆ ಬಾಟಲಿ ಹಾಕಿಸಿಕೊಂಡು ಮಲಗುವುದು ಅಪಾಯ, ಹೊತ್ತೂ ಹಾಳು. ಡೆಂಗ್ಯೂದಲ್ಲಿ ನೀರಿನ ಆಟ ಇನ್ನೂ ಸೂಕ್ಷ್ಮ: ಜ್ವರ ಬಿಡುವ ಹೊತ್ತಿಗೆ ಒಂದೆರಡು ದಿನ ನಾಳ ಸೋರುತ್ತೆ, ಆಗ ಅಳೆದು ಕೊಡಬೇಕು. ಆಮೇಲೆ ಸೋರಿದ ನೀರು ತಾನಾಗಿ ರಕ್ತಕ್ಕೆ ವಾಪಸ್ ಬರುತ್ತೆ, ಆ ಹೊತ್ತಿನಲ್ಲೂ ಡ್ರಿಪ್ ಓಡುತ್ತಿದ್ದರೆ ಗುಣವಾಗುತ್ತಿದ್ದ ಮನುಷ್ಯನಿಗೆ ಉಸಿರು ಕಟ್ಟುತ್ತೆ. ಆಫ್ರಿಕಾದ ಮೂರು ದೇಶಗಳಲ್ಲಿ ಜೋರು ಜ್ವರ ಬಂದು ರಕ್ತ ಸಂಚಾರ ಸೋತಿದ್ದ 3000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಬಂತು. ಬೇಗ ಬೇಗ ಸಲೈನ್ ಏರಿಸಿದವರಲ್ಲಿ ಎರಡು ದಿನದೊಳಗೆ ಸತ್ತವರು 10.5 ಶೇಕಡಾ, ಏರಿಸದವರಲ್ಲಿ 7.3. ಅಲ್ಲಿ ವೆಂಟಿಲೇಟರುಗಳಿರಲಿಲ್ಲ, ಬಹಳ ಮಕ್ಕಳಿಗೆ ಮಲೇರಿಯಾ ಇತ್ತು, ಹಾಗಾಗಿ ನೇರವಾಗಿ ನಮಗೆ ಅನ್ವಯಿಸಲಾಗದು. ಆದರೂ ಅದನ್ನು ಓದಿದ ಮೇಲೆ ಬಾಟಲಿಯನ್ನು ಔಷಧಿ ಅಂತ ನೋಡುವುದು ಕಲಿತೆವು, ನೀರು ಅಂತ ಅಲ್ಲ.

ಸ್ಕ್ರಬ್ ಟೈಫಸ್ ಬಗ್ಗೆ ಇನ್ನೊಂದು ಗೊಂದಲ. ಇದು ಉಣುಗಿನಿಂದ ಬರುವುದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನದ್ದು. ಇದು ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವುದು. ಕಚ್ಚಿದ ಕಡೆ, ಹೆಚ್ಚಾಗಿ ತೊಡೆಸಂದು, ಕಂಕುಳು, ಸೊಂಟದ ಹತ್ತಿರ, ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರುತ್ತೆ, ನೋವಿರುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಬಂದರೆ ಅಲ್ಲೆಲ್ಲ ನೋಡಿ, ಕಂಡರೆ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಇದಕ್ಕೆ ನಾಟುವುದೇ ಇಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ ಬಹಳ ಅಗ್ಗ, ಬೇಗ ಶುರುಮಾಡಿದರೆ ಹೆಚ್ಚಿನವರಿಗೆ ಎರಡು ದಿನದಲ್ಲಿ ಜ್ವರ ಬಿಡುತ್ತೆ.

ನಾಳೆ ಭೇಟಿಯ ಹೊತ್ತಿನಲ್ಲಿ 'ಯಾಕೆ ನೀರು ಕೊಡ್ತಿಲ್ಲ' ಅಂತ ಕೇಳಬೇಡಿ, ಅದಕ್ಕೆ ಸುಸ್ತಾದ ಡಾಕ್ಟರ್ ಕೊಡುವ ಉತ್ತರ ನಿಮಗೆ ಸಮಾಧಾನ ತರುವುದಿಲ್ಲ. ನಿನ್ನೆಯ ಬ್ಯಾಲೆನ್ಸ್ (ಒಳಗೆ ಹೋದ ನೀರಿನಲ್ಲಿ ಹೊರಗೆ ಬಂದದ್ದು ಕಳೆದರೆ ಉಳಿಯುವುದು) ಎಷ್ಟು, ಪಾಸಿಟಿವೋ ನೆಗೆಟಿವೋ, ಸೇರಿದಾಗಿನಿಂದ ಒಟ್ಟು ಎಷ್ಟಾಯಿತು ಅಂತ ಕೇಳಿ. ಬಿಪಿ ಔಷಧಿ ನಿಂತಿದೆಯಾ ಅಂತ ಕೇಳಿ. ಮೂತ್ರ ಗಂಟೆಗೆ ಎಷ್ಟು, 60 ಕೆಜಿಯವರಿಗೆ 30 ಮಿ.ಲೀ. ಇದ್ದರೆ ಸಾಮಾನ್ಯವಾಗಿ ಸಾಕು. ವೆಂಟಿಲೇಟರಿನಲ್ಲಿ ಆಕ್ಸಿಜನ್ ಎಷ್ಟು ಶೇಕಡಾ ಇಟ್ಟಿದ್ದಾರೆ, ನಿನ್ನೆಗಿಂತ ಇಳಿದಿದೆಯಾ. ನೂರರಿಂದ ಎಂಬತ್ತು, ಎಂಬತ್ತರಿಂದ ಅರವತ್ತು ಅಂತ ಇಳಿಯುತ್ತಿದ್ದರೆ ಬಸಿದ ನೀರಿಗೆ ಫಲ ಸಿಗುತ್ತಿದೆ. ಈ ನಾಲ್ಕು ಸಂಖ್ಯೆ ಒಂದು ಚೀಟಿಯಲ್ಲಿ ದಿನಾ ಬರೆದಿಟ್ಟುಕೊಳ್ಳಿ, ಊರಿಂದ ಫೋನ್ ಮಾಡುವವರಿಗೆಲ್ಲ ಅದನ್ನೇ ಓದಿ ಹೇಳಿ.

ನಳಿಗೆ ತೆಗೆದ ದಿನ ನಿಮ್ಮ ತಂದೆ ಮೊದಲು ಕೇಳುವುದು ನೀರನ್ನೇ. ಆಗಲೂ ತಕ್ಷಣ ಲೋಟ ಹಿಡಿಯಬೇಡಿ. ಗಂಟಲು ದಿನಗಟ್ಟಲೆ ನಳಿಗೆ ಹೊತ್ತು ಮರಗಟ್ಟಿರುತ್ತೆ. ಸಿಸ್ಟರ್ ಬಂದು ನೆಟ್ಟಗೆ ಕೂರಿಸಿ, ಒಂದು ಚಮಚ ಕೊಟ್ಟು, ಕೆಮ್ಮು ಬರುತ್ತಾ, ದನಿ ನೀರು ತುಂಬಿದ ಹಾಗೆ ಗೊರಗೊರ ಅನ್ನುತ್ತಾ ನೋಡುತ್ತಾರೆ. ಅದು ಸರಿಯಿದ್ದರೆ ಎರಡನೇ ಚಮಚ. ಅದನ್ನು ಕೊಡಲು ಚಿಕ್ಕಪ್ಪನನ್ನೇ ಕರೆಯಿರಿ.